ಕೆರೆಗೆ ಪಂಪ್‌ಸೆಟ್ ಎಳೆಯೋಕೆ ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್: ಯಾವುದು ನೋಡಲಿ?

ಹಾನುಬಾಳು ರೋಬಸ್ಟಾ:

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯವಳು. ಹದಿನಾಲ್ಕು ಎಕರೆ ರೋಬಸ್ಟಾ ಕಾಫಿ, ನೆರಳಿನ ಮರಗಳಿಗೆ ಮೆಣಸು ಹಬ್ಬಿಸಿದೆ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅಲ್ಲಿಂದ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ.

ನಮ್ಮ ಮನೆ, ಕಣ ಎರಡೂ ಗುಡ್ಡದ ಮೇಲಿವೆ. ಕೆರೆ ಕೆಳಗೆ, ಗದ್ದೆ ಬಯಲಿನ ಪಕ್ಕ. ಮಧ್ಯೆ ಮುಕ್ಕಾಲು ಕಿಲೋಮೀಟರ್ ಮಣ್ಣು ರಸ್ತೆ, ಎರಡು ಹೇರ್‌ಪಿನ್ ತಿರುವು. ಎರಡನೇ ತಿರುವು ದಾಟಿದ ಮೇಲೆ ಒಂದು ಇಳಿಜಾರಿದೆ, ನಡೆದು ಹೋಗುವಾಗಲೂ ಹಿಮ್ಮಡಿ ಊರಿಯೇ ಇಳಿಯಬೇಕು. ಫೆಬ್ರವರಿಯಲ್ಲಿ ಹೂವಿಗೆ ನೀರು ಕೊಡಲು ಡೀಸೆಲ್ ಪಂಪ್‌ಸೆಟ್ ಇದೇ ದಾರಿಯಲ್ಲಿ ಇಳಿಯಬೇಕು. ಆಮೇಲೆ ಅದನ್ನು ಮೇಲೆ ತಂದು ಇನ್ನೊಂದು ಬದಿಯ ಚೆಕ್‌ಡ್ಯಾಮಿಗೆ ಒಯ್ಯಬೇಕು. ಹದಿನೈದು ಇಪ್ಪತ್ತು ದಿನ ಬಿಟ್ಟು ಬ್ಯಾಕಿಂಗ್ ನೀರಿಗೆ (ಹೂವಾದ ಮೇಲೆ ಕೊಡುವ ಎರಡನೇ ನೀರು) ಮತ್ತೆ ಅದೇ ಓಡಾಟ. ಎರಡು ಚಕ್ರದ ಗಾಡಿ ಮೇಲೆ ಕೂರಿಸಿದ ಪಂಪ್‌ಸೆಟ್ ಅದು. ವೇ ಬ್ರಿಡ್ಜಿನಲ್ಲಿ ತೂಗಿಸಿದೆ, 640 ಕೆಜಿ ಬಂತು.

ಹೋದ ವರ್ಷ ಬಾಡಿಗೆ ಟ್ರ್ಯಾಕ್ಟರ್ ನಂಬಿಕೊಂಡಿದ್ದೆ. ಆ ವಾರ ಸುತ್ತಮುತ್ತ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು. ನಮ್ಮ ಸರದಿ ಬರುವಾಗ ಒಂಬತ್ತು ದಿನ ತಡವಾಗಿತ್ತು. ಕೆಳಗಿನ ತಾಕಿನಲ್ಲಿ ಮೊಗ್ಗು ಒಣಗಿ ಕಪ್ಪಾಗಿತ್ತು. ಗೆಲ್ಲು ಹಿಡಿದರೆ ಕೈಗೆ ಉದುರಿ ಬರುತ್ತಿತ್ತು. ಆ ತಾಕಿನಲ್ಲಿ ಈ ಸಲ ಕೊಯ್ಲು ಅರ್ಧಕ್ಕೂ ಕಡಿಮೆ. ಇನ್ನು ಯಾರ ಸರದಿಗೂ ಕಾಯುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಕೊಯ್ಲಿನಲ್ಲಿ ಹಣ್ಣಿನ ಮೂಟೆ ಕಣಕ್ಕೆ ತರಲು ಒಂದು ಸಣ್ಣ ಟ್ರೇಲರ್ ಕೂಡ ಇದೆ. ಖಾಲಿ ತೂಕ 350 ಕೆಜಿ. ಅಮ್ಮನನ್ನು ಸಕಲೇಶಪುರಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಇದೇ ಗಾಡಿಯಲ್ಲಿ ಆಗಬೇಕು. ಅದಕ್ಕೇ ಟ್ರ್ಯಾಕ್ಟರ್ ತಗೊಳ್ಳುವ ಯೋಚನೆ ಬಿಟ್ಟೆ.

ಕೈಯಲ್ಲಿ ಆರು ಲಕ್ಷ ಇದೆ. ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ ಹಳೇ ಗಾಡಿ (ಫೋರ್ ಬೈ ಫೋರ್) ಹುಡುಕುತ್ತಿದ್ದೇನೆ. ಈವರೆಗೆ ಕೇಳಿ ಬಂದವು ಇವು. ಚಿಕ್ಕಮಗಳೂರಿನಲ್ಲಿ 2012ರ ಥಾರ್ ಸಿಆರ್‌ಡಿಇ (ಮಹೀಂದ್ರದ ಡೀಸೆಲ್ ಜೀಪು), 5.4 ಲಕ್ಷ ಹೇಳುತ್ತಿದ್ದಾರೆ. 2008ರ ಜಿಪ್ಸಿ 3.5ಕ್ಕೆ. 2016ರ ಬೊಲೆರೊ ಕ್ಯಾಂಪರ್ ಫೋರ್ ಬೈ ಫೋರ್ ಪಿಕಪ್ 5ಕ್ಕೆ. ನಮ್ಮೂರಿನಲ್ಲೇ ಒಬ್ಬರ ಹತ್ತಿರ ಹಳೇ ಎಂಎಂ 540 ಜೀಪು ಇದೆ, 2.4ಕ್ಕೆ ಕೊಡುತ್ತಾರೆ. ಇಸುಜು ವಿ-ಕ್ರಾಸ್ ಪಿಕಪ್ ಮೇಲೆ ಆಸೆ ಇದೆ, ಆದರೆ ಒಳ್ಳೆಯದು ಈ ದುಡ್ಡಿಗೆ ಸಿಗುತ್ತಿಲ್ಲ.

ಡ್ರೈವಿಂಗ್ ನನಗೆ ಚೆನ್ನಾಗಿ ಬರುತ್ತದೆ. ಆದರೆ ಹಿಂದೆ ಭಾರ ಕಟ್ಟಿಕೊಂಡು ಓಡಿಸಿ ಅಭ್ಯಾಸವಿಲ್ಲ. ಗಾಡಿ ನೋಡಲು ಹೋದಾಗ ಏನು ಪರೀಕ್ಷೆ ಮಾಡಬೇಕು ಅಂತ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಸೋಮವಾರಪೇಟೆ ಜಿಪ್ಸಿ:

ಅಕ್ಕ, ನಾನು ಹದಿನೆಂಟು ವರ್ಷದಿಂದ ಜಿಪ್ಸಿ ಓಡಿಸುತ್ತಿದ್ದೇನೆ. ಮಳೆಗಾಲದ ಕೆಸರಿನಲ್ಲಿ ಬೇರೆ ಗಾಡಿ ಹೂತಲ್ಲಿ ಇದು ಆರಾಮಾಗಿ ದಾಟುತ್ತದೆ, ಕಾರಣ ಅದರ ತೂಕವೇ ಒಂದು ಟನ್ ಆಸುಪಾಸು. ಅಷ್ಟು ಪ್ರೀತಿಯ ಗಾಡಿಯಾದರೂ ನಿಮ್ಮ ಕೆಲಸಕ್ಕೆ ಅದನ್ನು ತಗೊಳ್ಳಿ ಅಂತ ಹೇಳಲಾರೆ. 1.3 ಲೀಟರ್ ಪೆಟ್ರೋಲ್ ಇಂಜಿನ್, ಟಾರ್ಕ್ (ತಿರುಗಿಸುವ ಬಲ) 103 ನ್ಯೂಟನ್ ಮೀಟರ್. ಅದೂ 4500 ಆರ್‌ಪಿಎಂ ತನಕ ಕೂಗಿಸಿದರೆ ಸಿಗುವಂಥದ್ದು. ಥಾರ್ ಸಿಆರ್‌ಡಿಇ 247 ಕೊಡುತ್ತದೆ, 2000 ಆರ್‌ಪಿಎಂ ಒಳಗೇ. ಏರಿನಲ್ಲಿ ಭಾರ ಎಳೆಯುವಾಗ ಜಿಪ್ಸಿಯ ಕ್ಲಚ್ ಸುಡುತ್ತದೆ. ಇಳಿಯುವಾಗ ಆ ಪಂಪ್‌ಸೆಟ್ ಗಾಡಿಯನ್ನೇ ದೂಡುತ್ತದೆ. ಪೈಪು, ಗೊಬ್ಬರ, ನಾಲ್ಕು ಆಳು ಇಷ್ಟಕ್ಕೆ ಜಿಪ್ಸಿ ಸಾಕು. 640 ಕೆಜಿ ಬೇಡ.

ಬಣಕಲ್ ಹಳೇ ಜೀಪು:

ಅಕ್ಕ, ನೀವು ಬರೆದ ಇಳಿಜಾರು ಓದಿ ಸುಮ್ನೆ ಇರಲಾಗಲಿಲ್ಲ. ನಮ್ಮ ತೋಟದ ಕೆರೆ ದಾರಿಯೂ ಹಾಗೇ ಇದೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಎಲ್ಲರೂ ಗಾಡಿ ನೋಡಲು ಹೋದರೆ ಏರು ಹತ್ತಿಸಿ ನೋಡುತ್ತಾರೆ. ನಾನೂ ಹಾಗೇ ಮಾಡಿದೆ. ಏಳು ವರ್ಷದ ಹಿಂದೆ ಒಂದು ಹಳೇ ಡೀಸೆಲ್ ಜೀಪು ತಂದೆ. ಕೊಟ್ಟವರು ಅವರ ತೋಟದಲ್ಲೇ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು) ಹಾಕಿ ಏರು ಹತ್ತಿಸಿ ತೋರಿಸಿದರು. ಗೋಡೆ ಹತ್ತಿದ ಹಾಗೆ ಹತ್ತಿತು. ನಾನು ಅಲ್ಲೇ ಅಡ್ವಾನ್ಸ್ ಕೊಟ್ಟೆ.

ಮೊದಲ ವರ್ಷ ಹೂ ನೀರಿಗೆ ಪಂಪ್‌ಸೆಟ್ ಕಟ್ಟಿಕೊಂಡು ಇಳಿದೆ. ಫೋರ್ ಲೋ, ಫಸ್ಟ್ ಗೇರ್, ಬ್ರೇಕ್ ಮುಟ್ಟದೆ ಇಂಜಿನ್ ಹಿಡಿತದಲ್ಲೇ ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಟಕ್ ಅಂತ ಒಂದು ಸದ್ದು. ಇಂಜಿನ್ನಿನ ಗುರುಗುಟ್ಟುವ ದನಿ ಒಮ್ಮೆಲೇ ಇಳಿದು ಐಡಲ್‌ಗೆ ಬಂತು. ಕೆಳಗೆ ನೋಡಿದರೆ ಫೋರ್ ಲೋ ಹಾಕುವ ಸಣ್ಣ ಲಿವರ್ ಹಾರಿ ನ್ಯೂಟ್ರಲ್‌ಗೆ ಬಂದು ಕೂತಿದೆ. ಗೇರ್ ಹಾಕಿಯೇ ಇದೆ, ಆದರೆ ಚಕ್ರಕ್ಕೂ ಇಂಜಿನ್ನಿಗೂ ಸಂಬಂಧವೇ ಇಲ್ಲ. ಬ್ರೇಕ್ ಒತ್ತಿದೆ. ಒಣ ತರಗೆಲೆ ಮೇಲೆ ನಾಲ್ಕೂ ಚಕ್ರ ಜಾರಿದವು. ಹಿಂದಿನಿಂದ ಪಂಪ್‌ಸೆಟ್ ದೂಡಿ ಜೀಪಿನ ಹಿಂಭಾಗವನ್ನು ಪಕ್ಕಕ್ಕೆ ತಿರುಗಿಸಿತು. ಸ್ಟೇರಿಂಗ್ ಧರೆ (ರಸ್ತೆ ಬದಿಯ ಮಣ್ಣಿನ ಗೋಡೆ) ಕಡೆಗೆ ಎಳೆದೆ. ಧರೆಗೆ ಗುದ್ದಿ ನಿಂತಿತು. ಪಂಪ್‌ಸೆಟ್ ಟ್ರಾಲಿಯ ಮೂಕಿ (ಎಳೆಯುವ ಕಂಬ) ಮಡಚಿ ಜೀಪಿನ ಹಿಂದಿನ ಬಾಗಿಲಿನೊಳಗೆ ನುಗ್ಗಿತ್ತು. ಪಂಪ್‌ಸೆಟ್ ಮೇಲೆ ಇಬ್ಬರು ಹುಡುಗರು ಕೂತಿದ್ದರು. ಸದ್ದು ಕೇಳಿದ ಕೂಡಲೇ ಇಬ್ಬರೂ ಹಾರಿಕೊಂಡರು. ಒಬ್ಬನ ಮೊಣಕಾಲು ತರಚಿತು, ಅಷ್ಟೇ. ಇನ್ನೊಂದು ಕ್ಷಣ ಕೂತಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ನೆನಪಾಗುತ್ತದೆ. ಅವತ್ತಿನಿಂದ ನಮ್ಮಲ್ಲಿ ಎಳೆಯುವ ಗಾಡಿ ಮೇಲೆ ಯಾರನ್ನೂ ಕೂರಿಸುವುದಿಲ್ಲ. ನೀವೂ ಕೂರಿಸಬೇಡಿ.

ಆದ್ದರಿಂದ ನಿಮಗೆ ಹೇಳುವುದು ಒಂದೇ. ಗಾಡಿಯನ್ನು ಇಳಿಸಿ ನೋಡಿ. ಕಡಿದಾದ ಮಣ್ಣಿನ ಇಳಿಜಾರಿಗೆ ಕರೆದುಕೊಂಡು ಹೋಗಿ. ಫೋರ್ ಲೋ, ಫಸ್ಟ್ ಗೇರ್ ಹಾಕಿ ಮೂರೂ ಪೆಡಲಿನಿಂದ ಕಾಲು ತೆಗೆಯಿರಿ. ಗಾಡಿ ಎತ್ತಿನ ನಡಿಗೆಯಲ್ಲಿ ಇಳಿಯಬೇಕು. ಮಧ್ಯೆ ಒಮ್ಮೆ ಸ್ವಲ್ಪ ಆಕ್ಸಲರೇಟರ್ ಕೊಟ್ಟು ಪಟ್ಟನೆ ಬಿಡಿ. ಹಾಗೆ ನಾಲ್ಕೈದು ಸಲ ಮಾಡಿ. ಸವೆದ ಟ್ರಾನ್ಸ್‌ಫರ್ ಕೇಸ್ (ಆ ಸಣ್ಣ ಲಿವರಿನ ಗೇರ್ ಪೆಟ್ಟಿಗೆ) ಆದರೆ ಬಿಟ್ಟಾಗಲೇ ಲಿವರ್ ಹಾರುವುದು, ಯಾಕೆಂದರೆ ಆಗ ಹಲ್ಲಿನ ಮೇಲೆ ಒತ್ತಡ ಉಲ್ಟಾ ಬೀಳುತ್ತದೆ. ಏರಿನಲ್ಲಿ ಈ ದೋಷ ಗೊತ್ತೇ ಆಗುವುದಿಲ್ಲ. ಲಿವರ್ ಮೇಲೆ ಕೈ ಇಟ್ಟಿರಬೇಡಿ, ಹಿಡಿದುಕೊಂಡರೆ ಹಾರುವುದು ನಿಲ್ಲುತ್ತದೆ. ಮಾರುವವರು ಓಡಿಸಿ ತೋರಿಸುವುದಾದರೆ ಅವರ ಎಡಗೈ ಎಲ್ಲಿದೆ ಅಂತ ನೋಡಿಕೊಳ್ಳಿ. ಕೆಲವು ಸಲ ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್ ಸತ್ತಿದ್ದರೂ ಹೀಗಾಗುತ್ತದೆ, ಅದು ಸಣ್ಣ ಖರ್ಚು. ಆದರೆ ಅದು ರಬ್ಬರೋ ಒಳಗೆ ಗೇರ್ ಸರಿಸುವ ಫೋರ್ಕೋ ಅಂತ ಬಿಚ್ಚದೆ ಹೇಳಲಾಗದು. ಹಾರಿದರೆ ಬಿಟ್ಟು ಬನ್ನಿ.

ಇನ್ನೊಂದು ವಿಷಯ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಆ ಸಣ್ಣ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ, ಗೇರ್ ಹಾಕಿ ನಿಲ್ಲಿಸಿದರೂ ಗಾಡಿ ಉರುಳುತ್ತದೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕಿನ ಜೊತೆ ಚಕ್ರಕ್ಕೆ ಅಡೆ ಕೊಡಲೇಬೇಕು. ಗಾಡಿಗೂ ಟ್ರೇಲರಿಗೂ ಎರಡಕ್ಕೂ.

ಈಗ ನಿಮ್ಮ ಪಟ್ಟಿ. ನಿಮ್ಮ ಪಂಪ್‌ಸೆಟ್ ಟ್ರಾಲಿಗೆ ಸ್ವಂತ ಬ್ರೇಕ್ ಇರಲಾರದು, ಅಲ್ವಾ? ಹಾಗಿದ್ದರೆ ಅದರ 640 ಕೆಜಿಯನ್ನೂ ಮುಂದಿನ ಗಾಡಿಯ ಬ್ರೇಕೇ ಹಿಡಿಯಬೇಕು. ಮುಂದಿನದು ಹಿಂದಿನದಕ್ಕಿಂತ ಚೆನ್ನಾಗಿ ತೂಗಬೇಕು. ನಾನಂತೂ ಎರಡರಷ್ಟಾದರೂ ಇರಲಿ ಎನ್ನುತ್ತೇನೆ. ಆ ಲೆಕ್ಕದಲ್ಲಿ ಜಿಪ್ಸಿ ಸಾಲದು. ಥಾರ್ ಒಂದೂಮುಕ್ಕಾಲು ಟನ್ ಹತ್ತಿರ, ಅದು ಸರಿ. ಅದರ ಲೋ ರೇಂಜ್ (ಫೋರ್ ಲೋ) 2.48 ಪಟ್ಟು. ಅಂದರೆ ಅದೇ ಫಸ್ಟ್ ಗೇರಿನಲ್ಲಿ ಇಂಜಿನ್ ಅಷ್ಟು ಪಟ್ಟು ಹೆಚ್ಚು ಹಿಡಿಯುತ್ತದೆ.

ಕ್ಯಾಂಪರ್ ಗಟ್ಟಿ ಗಾಡಿ. ವಿ-ಕ್ರಾಸ್ ಅಂತೂ 2.5 ಲೀಟರಿನದ್ದೇ 320 ನ್ಯೂಟನ್ ಮೀಟರ್ ಕೊಡುತ್ತದೆ, ಎಳೆಯುವುದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಹೇರ್‌ಪಿನ್ ಯೋಚಿಸಿ. ಥಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2430 ಮಿಲಿಮೀಟರ್. ವಿ-ಕ್ರಾಸಿನದು 3095. ಹಿಂದೆ ಟ್ರಾಲಿ ಇರುವಾಗ ಒಂದೇ ಸಲಕ್ಕೆ ತಿರುಗದಿದ್ದರೆ ರಿವರ್ಸ್ ತೆಗೆಯಬೇಕು. ಇಳಿಜಾರಿನ ತಿರುವಿನಲ್ಲಿ ಟ್ರಾಲಿ ಕಟ್ಟಿಕೊಂಡು ರಿವರ್ಸ್ ತೆಗೆಯುವುದು ನನಗೂ ಇಷ್ಟವಿಲ್ಲದ ಕೆಲಸ. ಒಂದು ಹಗ್ಗ ತಗೊಂಡು ಹೋಗಿ ತಿರುವಿನ ಅಗಲ ಅಳೆದುಕೊಂಡು ಬನ್ನಿ, ಆಮೇಲೆ ಉದ್ದದ ಗಾಡಿ ನೋಡಿ.

ಎಂಎಂ 540 ಮೇಲೆ ನನಗೆ ಗೌರವವಿದೆ. 2.1 ಲೀಟರಿನ ಆ ಪ್ಯೂಜೊ ಇಂಜಿನ್ ರಿಪೇರಿ ಮಾಡುವ ಮೇಸ್ತ್ರಿಗಳು ನಮ್ಮ ಕಡೆ ಇನ್ನೂ ಇದ್ದಾರೆ. ಆದರೆ ನಿಮಗೆ ಅಮ್ಮನನ್ನು ಆಸ್ಪತ್ರೆಗೂ ಒಯ್ಯಬೇಕು. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಹೊರಡಬೇಕಾದಾಗ ನಂಬಿ ಕೀ ತಿರುಗಿಸುವ ಹಾಗಿರಬೇಕು. ನಾನಾಗಿದ್ದರೆ ಥಾರ್ ಸಿಆರ್‌ಡಿಇಯನ್ನೇ ಹುಡುಕುತ್ತಿದ್ದೆ. ಆ 2012ರದ್ದೇ ಆಗಬೇಕೆಂದಿಲ್ಲ.

ಕೊನೆಗೆ ಭಾರದ ವಿಷಯ. ನಮ್ಮ ಅಜ್ಜ ಎತ್ತಿನ ಗಾಡಿ ಹೇರುವಾಗ ಮುಂಭಾರ ಹಿಂಭಾರ ಅಂತ ಹೇಳುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆಗೆ ಕಣ್ಣಿ ಬಿಗಿಯುತ್ತದೆ, ಮುಂಭಾರ ಜಾಸ್ತಿಯಾದರೆ ಎತ್ತು ಕುಸಿಯುತ್ತದೆ. ಇಲ್ಲೂ ಅದೇ. ಒಟ್ಟು ಭಾರದಲ್ಲಿ ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು. ನಿಮ್ಮದಕ್ಕೆ 60 ಕೆಜಿ ಆಸುಪಾಸು. ಮೂಕಿಯ ತುದಿಯನ್ನು ಸ್ನಾನದ ಮನೆಯ ತೂಕದ ಮಷಿನ್ ಮೇಲೆ, ಒಂದು ಮರದ ತುಂಡು ಕೊಟ್ಟು ಕೂರಿಸಿದರೆ ಗೊತ್ತಾಗುತ್ತದೆ. ಹಿಂಭಾರವಾಗಿದ್ದರೆ ಇಂಜಿನ್ ಕೂರಿಸಿದ ಬೋಲ್ಟ್ ಸಡಿಲಿಸಿ ಸ್ವಲ್ಪ ಮುಂದಕ್ಕೆ ತರಿಸಿ. ಹಣ್ಣಿನ ಟ್ರೇಲರಿಗೆ 50 ಕೆಜಿಯ ಹತ್ತು ಮೂಟೆಗಿಂತ ಹೆಚ್ಚು ಹೇರಬೇಡಿ. ಖಾಲಿ ತೂಕ ಸೇರಿಸಿದರೆ ಅಲ್ಲಿಗೇ 850 ಆಯಿತು. ಎರಡು ಟ್ರಿಪ್ ಜಾಸ್ತಿ ಹೊಡೆದರೂ ಪರವಾಗಿಲ್ಲ.

ಹಾಸನ ಗ್ಯಾರೇಜ್:

ಮೇಲಿನವರು ಇಳಿಜಾರಿನ ಪರೀಕ್ಷೆ ಸರಿಯಾಗಿ ಹೇಳಿದ್ದಾರೆ. ನಾನು ಕೆಳಗಿನ ಭಾಗ ಹೇಳುತ್ತೇನೆ, ದಿನಾ ಅದರ ಅಡಿಯಲ್ಲೇ ಮಲಗುವವನು.

ಒಂದು ಸ್ಕ್ರೂ ಡ್ರೈವರ್, ಟಾರ್ಚ್, ಗೋಣಿಚೀಲ ತಗೊಂಡು ಹೋಗಿ. ಹಿಂದಿನ ಚಕ್ರದ ಹಿಂದೆ ಚಾಸಿಯ ಕೊನೆಯ ಅಡ್ಡಪಟ್ಟಿ ಇರುತ್ತದಲ್ಲ, ಕೊಂಡಿಯ ಪೂರ್ತಿ ಎಳೆತ ಬೀಳುವುದು ಅಲ್ಲಿಗೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ಹಿಡಿದದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆ ತುದಿಯಿಂದ ಒತ್ತಿ. ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಸೇರುವ ಜಾಗವನ್ನೂ ಹಾಗೇ ನೋಡಿ. ಅಡಿಯಲ್ಲಿ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರೆ ಹೆಚ್ಚು ಹೊತ್ತು ನೋಡಿ. ಅಡ್ಡಪಟ್ಟಿಯಲ್ಲಿ ಹಳೇ ಬೋಲ್ಟ್ ತೂತುಗಳಿದ್ದರೆ ಆ ಗಾಡಿ ಮೊದಲೇ ಭಾರ ಎಳೆದಿದೆ ಎಂದರ್ಥ. ಅದು ತಪ್ಪಲ್ಲ. ಆದರೆ ಕ್ಲಚ್ಚಿನ ಬಗ್ಗೆ ಕೇಳಿ.

ಕ್ಲಚ್ ನೋಡಲು ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಥರ್ಡ್ ಗೇರ್ ಹಾಕಿ ನಿಧಾನ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ತಿರುಗುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಒಂದೇ ಸಲ ಮಾಡಿ, ಪದೇ ಪದೇ ಬೇಡ. ಮುಂದಿನ ಆಕ್ಸಲ್ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಸಡಿಲ ಮಣ್ಣಿನಲ್ಲಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಮಾಮೂಲಿ ಗೇರು) ಹಾಕಿ ಪೂರ್ತಿ ಸ್ಟೇರಿಂಗ್ ತಿರುಗಿಸಿ ನಿಧಾನ ಓಡಿಸಿ. ಸ್ಟೇರಿಂಗ್ ಬಿಗಿಯಾಗಿ, ಗಾಡಿ ಎಳೆದಂತೆ ಆಗಬೇಕು. ಹಗುರವಾಗಿಯೇ ತಿರುಗಿದರೆ ಮುಂದೆ ಏನೂ ಸೇರುತ್ತಿಲ್ಲ. ಇದನ್ನು ಒಣ ಟಾರ್ ರಸ್ತೆಯಲ್ಲಿ ಮಾಡಬೇಡಿ, ಆಕ್ಸಲಿನ ಕ್ರೌನ್ ಗೇರ್, ಶಾಫ್ಟಿನ ಕ್ರಾಸ್ ಎರಡಕ್ಕೂ ಪೆಟ್ಟು. ಹಳೇ ಜೀಪಾಗಿದ್ದು ಮುಂದಿನ ಹಬ್ ಕೈಯಲ್ಲಿ ಲಾಕ್ ಮಾಡುವಂಥದ್ದಾದರೆ ಮೊದಲು ಅದನ್ನು ತಿರುಗಿಸಿಕೊಳ್ಳಿ.

ಕೊಂಡಿ ಮಾಡಿಸುವಾಗ ಬಂಪರಿಗೆ ವೆಲ್ಡ್ ಮಾಡಿಸಬೇಡಿ. ದಪ್ಪ ಪ್ಲೇಟ್ ಹಾಕಿ ಚಾಸಿಯ ಎರಡೂ ಉದ್ದ ಪಟ್ಟಿಗಳಿಗೆ ಬೋಲ್ಟ್ ಹಾಕಿಸಿ. ಜೊತೆಗೆ ಎರಡು ಚೈನು, ಮೂಕಿಯ ಅಡಿಯಲ್ಲಿ ಕತ್ತರಿ ಹಾಕಿದ ಹಾಗೆ. ಕೊಂಡಿ ಬಿಟ್ಟರೂ ಮೂಕಿ ನೆಲಕ್ಕೆ ಚುಚ್ಚದೆ ಚೈನಿನ ಮೇಲೆ ಕೂರುತ್ತದೆ.

ಕಾಗದದ ವಿಷಯ ಚಿಕ್ಕದಾಗಿ. ಸ್ವಂತದ ಗಾಡಿಯ ಆರ್‌ಸಿ 15 ವರ್ಷಕ್ಕೆ. ಜಿಪ್ಸಿಗೆ ಆಗಲೇ ರಿನ್ಯೂ ಆಗಿರಬೇಕು, ಕೇಳಿ. 2012ರ ಥಾರಿಗೆ 2027ರಲ್ಲಿ ಬರುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ, ಜೊತೆಗೆ ಗ್ರೀನ್ ಟ್ಯಾಕ್ಸ್. ಕ್ಯಾಂಪರ್ ಸಾಮಾನ್ಯವಾಗಿ ಹಳದಿ ಬೋರ್ಡು, 8 ವರ್ಷ ದಾಟಿದ ಮೇಲೆ ವರ್ಷಾ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್). ದೆಹಲಿ ಕಡೆಯಿಂದ ಬಂದ ಅಗ್ಗದ ಡೀಸೆಲ್ ಗಾಡಿ ತೋರಿಸಿದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಟ್ರೇಲರನ್ನು ತೋಟದಿಂದ ಹೊರಗೆ ರಸ್ತೆಗೆ ತರುವುದಾದರೆ ಅದಕ್ಕೂ ಬೇರೆ ರಿಜಿಸ್ಟ್ರೇಷನ್ ಬೇಕು.

ಹಾನುಬಾಳು ರೋಬಸ್ಟಾ:

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಹನ್ನೆರಡು ದಿನ ಓಡಾಡಿದೆ, ಏನಾಯಿತು ಅಂತ ಹೇಳುತ್ತೇನೆ.

ಮೊದಲು ಹಗ್ಗ ಹಿಡಿದು ತಿರುವು ಅಳೆದೆವು. ಉದ್ದದ ಗಾಡಿಗೆ ಎರಡನೇ ತಿರುವಿನಲ್ಲಿ ಜಾಗವಿಲ್ಲ. ಧರೆ ಕಡಿದರೆ ಮಳೆಗಾಲದಲ್ಲಿ ಮೇಲಿನ ಎರಡು ಸಾಲು ಗಿಡ ಕೆಳಗೆ ಬರುತ್ತದೆ. ಕ್ಯಾಂಪರ್, ವಿ-ಕ್ರಾಸ್ ಎರಡನ್ನೂ ಅಲ್ಲಿಗೇ ಬಿಟ್ಟೆ.

ಚಿಕ್ಕಮಗಳೂರಿನ 2012ರ ಥಾರ್ ನೋಡಲು ಹೋದೆ. ಹೊರಗಿನಿಂದ ಕನ್ನಡಿ ಹಾಗಿತ್ತು. ಇಳಿಜಾರಿನಲ್ಲಿ ಲಿವರ್ ಹಾರಲಿಲ್ಲ. ಗೋಣಿ ಹಾಸಿ ಅಡಿಗೆ ಹೋಗಿ ಬಡಿದೆ. ಎಡಗಡೆ ಸ್ಪ್ರಿಂಗ್ ಸೇರುವ ಹತ್ತಿರ ಡಬ್ ಅಂತು. ಒತ್ತಿದರೆ ಕಪ್ಪು ಬಣ್ಣದ ಸಿಪ್ಪೆ ಕಿತ್ತು ಬಂದು ಸ್ಕ್ರೂ ಡ್ರೈವರ್ ಅರ್ಧ ಇಂಚು ಒಳಗೆ ಹೋಯಿತು. ಮಾರುವವರು ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದರು, ಏನೂ ಮಾತಾಡಲಿಲ್ಲ. ನಾನೂ ಮಾತಾಡದೆ ಎದ್ದು ಬಂದೆ.

ನಂತರ ಮಡಿಕೇರಿ ಕಡೆ 2014ರದ್ದು ಒಂದು ಸಿಕ್ಕಿತು. ಬಣ್ಣ ಮಾಸಿದೆ, ಟಾಪ್ ಹರಿದಿದೆ, ಸೀಟಿನಲ್ಲಿ ಇಲಿ ಕಡಿದಿದೆ. ಚಾಸಿ ಉದ್ದಕ್ಕೂ ಟಣ್. ಅವರ ತೋಟದ ಇಳಿಜಾರಿನಲ್ಲೇ ಫೋರ್ ಲೋ ಹಾಕಿ ಆರು ಸಲ ಇಳಿಸಿದೆ, ಪ್ರತಿ ಸಲ ಆಕ್ಸಲರೇಟರ್ ಕೊಟ್ಟು ಬಿಟ್ಟೆ. ಲಿವರ್ ಅಲ್ಲಾಡಲಿಲ್ಲ. ಕ್ಲಚ್ ಮಾತ್ರ ಕೊನೆಗೆ ಬಂದಿದೆ, ಅದನ್ನು ತೋರಿಸಿ 5.6 ಹೇಳಿದ್ದನ್ನು 5.2ಕ್ಕೆ ಇಳಿಸಿದೆ. ಕ್ಲಚ್ ಹೊಸದು ಹಾಕಿಸಿ ಗಾಡಿ ಮನೆಗೆ ತಂದೆ. ಅಮ್ಮ ಒಂದು ಸಲ ಕೂತು ನೋಡಿದರು. ಹತ್ತುವುದು ಎತ್ತರ ಆಯಿತು ಅಂದರು, ಪಕ್ಕದಲ್ಲಿ ಒಂದು ಮೆಟ್ಟಿಲು ಹಾಕಿಸಬೇಕು.

ಬಣಕಲ್ ಅಣ್ಣ, ತೂಕದ ಮಷಿನ್ ಮೇಲೆ ಮೂಕಿ ಇಟ್ಟು ನೋಡಿದೆವು. 15 ಕೆಜಿ ತೋರಿಸಿತು, ಪೂರ್ತಿ ಹಿಂಭಾರ. ಇಷ್ಟು ವರ್ಷ ಅಪ್ಪ ಅದನ್ನು ಹಾಗೆಯೇ ಎಳೆಸುತ್ತಿದ್ದರು. ಇಂಜಿನ್ನನ್ನು ನಾಲ್ಕು ಇಂಚು ಮುಂದಕ್ಕೆ ತಂದು ಬೋಲ್ಟ್ ಹಾಕಿಸಿದ ಮೇಲೆ 58 ಬಂತು.

ಕೊಂಡಿಗೆ 10 ಎಂಎಂ ಪ್ಲೇಟ್, ಚಾಸಿಯ ಎರಡೂ ಬದಿಗೆ ಎಂಟು ಬೋಲ್ಟ್. ಚೈನು ನಿನ್ನೆ ಬಂತು. ನಾಳೆ ಬೆಳಿಗ್ಗೆ ಖಾಲಿ ಟ್ರೇಲರ್ ಕಟ್ಟಿಕೊಂಡು ಕೆರೆ ತನಕ ಇಳಿದು ನೋಡುತ್ತೇನೆ. ಇಳಿಜಾರಿನ ತರಗೆಲೆ ಗುಡಿಸಲು ಇಬ್ಬರಿಗೆ ಹೇಳಿದ್ದೇನೆ. ನಮ್ಮ ತೋಟದ ರೈಟರ್ (ಆಳು, ಲೆಕ್ಕ ನೋಡಿಕೊಳ್ಳುವವರು) ಈ ಚರ್ಚೆಯನ್ನು ನನ್ನ ಫೋನಿನಲ್ಲಿ ಓದಿ, ಕೇಳದೆಯೇ ಸಿಲ್ವರ್ ಓಕ್ ದಿಮ್ಮಿ ಕೊಯ್ಯಿಸಿ ನಾಲ್ಕು ಅಡೆ ಮಾಡಿಸಿದ್ದಾರೆ. ಎರಡು ಜೀಪಿನಲ್ಲಿ, ಎರಡು ಟ್ರಾಲಿಗೆ ಹಗ್ಗದಲ್ಲಿ ಕಟ್ಟಿವೆ.